ಕಾಯಕವು ಮರೆವಿನ ಮದ್ದಲ್ಲ



ಕಳೆದ ಶಿವಾನುಭವ ಗೋಷ್ಠಿಯಲ್ಲಿ ಮೋಳಿಗೆಯ ಮಾರಯ್ಯನವರನ್ನು ಕುರಿತು ಮಾತನಾಡುವ ಸೇವೆ ನನ್ನ ಪಾಲಿಗೆ ಬಂದಿತ್ತು. ಕಾಶ್ಮೀರದ ಅರಸರಾಗಿದ್ದ ಅವರು ರಾಜ್ಯವನ್ನು ತೊರೆದು, ಪತ್ನಿ ಮಹಾದೇವಿಯವರೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆ ಮಾರುವ ಕಾಯಕವನ್ನು ಕೈಗೊಂಡರೆಂಬ ಪ್ರತೀತಿ ಎಲ್ಲರಿಗೂ ತಿಳಿದುದೇ. ಖಡ್ಗ ಹಿಡಿದ ಕೈ ಕೊಡಲಿ ಹಿಡಿದ ಬಗೆಯನ್ನು ವಿವರಿಸುತ್ತ, ಕಾಯಕವು ಮನದ ಗಾಯಗಳನ್ನೆಲ್ಲ ಮಾಯಿಸುತ್ತದೆ, ಹಿಂದಿನದನ್ನು ಮರೆಸುತ್ತದೆ ಎಂದು ನಾನು ಬಹು ಸುಲಭವಾಗಿ ಹೇಳಿಬಿಟ್ಟೆ.

ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಎದ್ದಾಗ ಹಿರಿಯರೊಬ್ಬರು ನನ್ನ ಬಳಿಗೆ ಬಂದರು. ಯುದ್ಧವನ್ನು ಕಂಡು, ಸೈನ್ಯದಿಂದ ನಿವೃತ್ತರಾಗಿ, ಊರಿನಲ್ಲಿ ಬಡಿಗತನ ಮಾಡಿಕೊಂಡಿರುವವರು. “ಸರ್, ಮೂವತ್ತು ವರ್ಷ ಆತು ಉಳಿ ಹಿಡದು. ಒಂದ ದಿನಾನೂ ಮರ್ತಿಲ್ರೀ. ಹಂಗಾರ ನನ್ನ ಕಾಯಕದಾಗ ಏನರ ಕೊರತಿ ಐತೇನ್ರಿ?” ಎಂದು ಮೆಲ್ಲನೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ಹೊತ್ತು ತಿರುಗುತ್ತಿದ್ದ ದಿನಗಳಲ್ಲಿ ನನಗೆ ನೆನಪಾದುದು, ಹಿಂದೊಮ್ಮೆ ಓದಿದ್ದ ಇಂಗ್ಲೆಂಡಿನ ಹ್ಯಾರಿ ಪ್ಯಾಚ್ ಎಂಬ ಪ್ಲಂಬರೊಬ್ಬರ ಜೀವನ. ಬಾತ್ ನಗರದ ಸಮೀಪದ ಕೂಂಬ್ ಡೌನ್ ಎಂಬಲ್ಲಿ 1898ರಲ್ಲಿ ಜನಿಸಿದ ಅವರು, 15ನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ಈ ಕಸಬಿಗೆ ಸೇರಿದರು. ಅಂದು ಪ್ಲಂಬರನ ಕಸಬೆಂದರೆ ಮುಖ್ಯವಾಗಿ ಸೀಸದ ಕೆಲಸ. ಸೀಸದ ತಗಡನ್ನು ತಟ್ಟಿ ಮಾಡಿಗೆ ಹೊದಿಸುವುದು, ಸೀಸದ ಕೊಳವೆಗಳನ್ನು ಬೆಸುಗೆ ಹಾಕಿ ಮನೆಮನೆಗೆ ನೀರು ತರುವುದು. ಗುಂಡಿನೊಳಗೂ ಇರುವುದು ಅದೇ ಸೀಸವೇ. 1916ರಲ್ಲಿ ಕಡ್ಡಾಯ ಸೈನ್ಯಸೇವೆಯು ಈ ತರುಣನನ್ನು ಒಂದು ಸೀಸದಿಂದ ಇನ್ನೊಂದು ಸೀಸದತ್ತ ಎಳೆದೊಯ್ದಿತು.

1917ರಲ್ಲಿ ಬೆಲ್ಜಿಯಂ ನೆಲದ ಪ್ಯಾಶೆಂಡೇಲ್ ಕದನದಲ್ಲಿ ಅವರು ಐವರ ಮಷಿನ್‌ಗನ್ ತಂಡದಲ್ಲಿದ್ದರು. ಸಾಧ್ಯವಿದ್ದಷ್ಟೂ ಕೊಲ್ಲಬಾರದು, ಕಾಲಿಗೆ ಗುರಿಯಿಡಬೇಕು ಎಂಬುದು ಆ ಐವರೂ ತಮ್ಮೊಳಗೆ ಮಾಡಿಕೊಂಡಿದ್ದ ನೇಮ. ಬಯೊನೆಟ್ ಹಿಡಿದು ಮೇಲೆ ಬಿದ್ದ ಜರ್ಮನ್ ಸೈನಿಕನನ್ನು ಕೊಲ್ಲಬಲ್ಲವರಾಗಿದ್ದೂ ಪ್ಯಾಚ್ ಅವರು ಕಾಲಿಗೇ ಗುಂಡು ಹೊಡೆದರು. ಅದೇ ಸೆಪ್ಟೆಂಬರ್ 22ರಂದು ಶೆಲ್ಲೊಂದು ಸಿಡಿದು ತಂಡದ ಮೂವರು ಮಡಿದರು. ಇವರು ಗಾಯಗೊಂಡು ಉಳಿದರು.

ಯುದ್ಧ ಮುಗಿದ ಮೇಲೆ ಮತ್ತೆ ಅದೇ ಕಸಬು. ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಲ್ಸ್ ಸ್ಮಾರಕ ಭವನದ ನಿರ್ಮಾಣದಲ್ಲಿ ನಾಲ್ಕು ವರ್ಷ ದುಡಿದರು. 1942ರಲ್ಲಿ ಬಾತ್ ನಗರದ ಮೇಲೆ ಬಾಂಬುಗಳು ಬಿದ್ದಾಗ ಅಗ್ನಿಶಾಮಕ ಸೇವೆಯಲ್ಲಿ ನಿಂತರು. 1963ರಲ್ಲಿ ನಿವೃತ್ತರಾದರು. ಇಷ್ಟು ದೀರ್ಘ, ಶುದ್ಧ ಕಾಯಕದ ಬಳಿಕವಾದರೂ ಮರೆವು ಬಂದಿತೇ? ಇಲ್ಲ. ಆ ಮೂವರ ಸಾವಿನ ದಿನವನ್ನು ಅವರು ವರ್ಷವರ್ಷವೂ ಮೌನವಾಗಿ ಆಚರಿಸಿಕೊಂಡರು. ಯುದ್ಧವನ್ನು ಕುರಿತು ಲೋಕದೆದುರು ಬಾಯಿ ತೆರೆದುದು ನೂರು ತುಂಬಿದ ಮೇಲೆ, 1998ರಲ್ಲಿ. 2004ರಲ್ಲಿ, ಅಂದು ಎದುರು ಪಾಳೆಯದಲ್ಲಿದ್ದ ಚಾರ್ಲ್ಸ್ ಕುಯೆಂಟ್ಜ್ ಎಂಬ ವೃದ್ಧ ಯೋಧರನ್ನು ಕಂಡು ಕೈಹಿಡಿದರು. 2009ರಲ್ಲಿ, 111ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅವರ ಇಚ್ಛೆಯಂತೆ ಅಂತ್ಯವಿಧಿಗೆ ಒಂದು ಆಯುಧವನ್ನೂ ತರಲಿಲ್ಲ. ಶವಪೆಟ್ಟಿಗೆಯ ಪಕ್ಕದಲ್ಲಿ ಜರ್ಮನ್ ಸೈನಿಕರೂ ನಡೆದರು.

ಈ ಬಾಳನ್ನು ಓದಿದಾಗ ನನ್ನ ಮಾತಿನ ದೋಷ ನನಗೆ ತಿಳಿಯಿತು. ಶರಣರು ಕಾಯಕವನ್ನು ಮರೆವಿನ ಮದ್ದೆಂದು ಕರೆದವರಲ್ಲ. ಮಾರಯ್ಯನವರ ಕೊಡಲಿ ಕಡಿದುದು ಕಟ್ಟಿಗೆಯನ್ನು, ನೆನಪನ್ನಲ್ಲ. ನೆನಪು ಇದ್ದೂ ಕೈ ದಯೆಯನ್ನು ಬಿಡದಿರುವುದೇ ಕಾಯಕದ ಹಿರಿಮೆ. ದುಡಿದುದನ್ನು ಹಂಚುವುದು ದಾಸೋಹವಾದರೆ, ಇನ್ನೊಬ್ಬರು ಆ ನೋವಿಗೆ ಬೀಳದಿರಲೆಂದು ತನ್ನ ನೋವನ್ನು ನುಡಿಯುವುದೂ ದಾಸೋಹವೇ ಎಂದು ನನಗೆ ತೋರುತ್ತದೆ. ಪ್ಯಾಚ್ ಅವರ ಮೊದಲ ಕಾಯಕ ಎಂಟು ದಶಕಗಳ ಹಿಂದೆಯೇ ಮೊದಲಾಗಿತ್ತು. ಈ ದಾಸೋಹಕ್ಕೆ ನೂರು ವರ್ಷ ಕಾಯಬೇಕಾಯಿತು. ಕೇಳುವ ಕಿವಿಗಳಿಲ್ಲದೆ ನುಡಿ ಹೊರಡದು. ಆ ಕೊರತೆ ದುಡಿಯುವವರದಲ್ಲ, ಕೇಳದ ನಮ್ಮದು.

ಮರುದಿನ ಆ ಹಿರಿಯರ ಕೆಲಸದ ಮನೆಗೆ ಹೋಗಿ, “ತಪ್ಪು ನನ್ನ ಮಾತಿನದು, ನಿಮ್ಮ ಕಾಯಕದ್ದಲ್ಲ” ಎಂದು ನಿವೇದಿಸಿಕೊಂಡು, ಪ್ಯಾಚ್ ಅವರ ಕಥೆಯನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಉಳಿಯನ್ನು ಕೆಳಗಿಟ್ಟು, ತಮ್ಮೊಡನಿದ್ದ ಒಬ್ಬ ಗೆಳೆಯನ ಹೆಸರನ್ನು ಹೇಳಿದರು. ಮುಂದೆ ಹೇಳಿದುದನ್ನು ಇಲ್ಲಿ ಬರೆಯುವುದು ತರವಲ್ಲ. ಕತ್ತಲಾಗುವವರೆಗೆ ನಾನು ಕೇಳುತ್ತ ಕುಳಿತಿದ್ದೆ.