ರಾಜರ ಕಾರು, ಪ್ರಜೆಗಳ ರೈಲು

ಫ್ರಾನ್ಸಿನ ಪೂರ್ವದಂಚಿನಲ್ಲಿ, ಜರ್ಮನಿಯ ಗಡಿಗೆ ತಾಗಿಕೊಂಡಂತೆ ಅಲ್ಸಾಸ್ ಪ್ರಾಂತವಿದೆ. ಸ್ಟ್ರಾಸ್‌ಬರ್ಗ್ ನಗರದಿಂದ ರೈಲಿನಲ್ಲಿ ಪಶ್ಚಿಮಕ್ಕೆ ಹೊರಟರೆ ಅರ್ಧ ಗಂಟೆಯೊಳಗೆ ದ್ರಾಕ್ಷಿ ತೋಟಗಳ ಮಗ್ಗುಲಿನ ಪುಟ್ಟ ಪಟ್ಟಣ ಮೋಲ್ಸೈಮ್ ಸಿಗುತ್ತದೆ. ಕಮ್ಮಾರರ ಹೆಸರಿನ ಹಳೆಯ ಕೋಟೆಬಾಗಿಲು, ಕಟುಕರ ಸಂಘದವರು ನಾಲ್ಕು ಶತಮಾನಗಳ ಹಿಂದೆ ಕಟ್ಟಿಸಿದ ಸುಂದರ ಭವನ ಇಲ್ಲಿನ ಆಕರ್ಷಣೆ. ಆದರೆ ಈ ಊರಿಗೆ ಜಗತ್ತಿನಲ್ಲಿ ಹೆಸರು ತಂದದ್ದು ಬುಗಾಟಿ ಕಾರು.

ಇಟಲಿಯ ಮಿಲಾನಿನಲ್ಲಿ ಹುಟ್ಟಿದ ಎತ್ತೋರೆ ಬುಗಾಟಿ 1909ರಲ್ಲಿ ಇಲ್ಲಿ ಕಾರ್ಖಾನೆ ತೆರೆದ. ಆಗ ಅಲ್ಸಾಸ್ ಜರ್ಮನಿಯ ಕೈಯಲ್ಲಿತ್ತು. ಮೊದಲ ಮಹಾಯುದ್ಧದ ನಂತರ ಅದು ಫ್ರಾನ್ಸಿಗೆ ಮರಳಿತು. ಕಾರ್ಖಾನೆ ಇದ್ದಲ್ಲೇ ಇತ್ತು, ದೇಶ ಮಾತ್ರ ಬದಲಾಯಿತು! 1924ರಲ್ಲಿ ಬಂದ 'ಟೈಪ್ 35' ರೇಸು ಕಾರು ಹಗುರ ಮೈಕಟ್ಟಿನಿಂದ ಪಂದ್ಯದ ಮೇಲೆ ಪಂದ್ಯ ಗೆದ್ದು ಬುಗಾಟಿಯ ಕೀರ್ತಿ ಹಬ್ಬಿಸಿತು.

ರೇಸಿನಲ್ಲಿ ಗೆದ್ದವನಿಗೆ ರಾಜಮಹಾರಾಜರಿಗೆ ತಕ್ಕ ಕಾರು ಮಾಡುವ ಆಸೆ. ಹಾಗೆ ಹುಟ್ಟಿದ್ದೇ 'ರೊಯಾಲ್'. ಆರು ಮೀಟರಿಗೂ ಮೀರಿದ ಉದ್ದ, ಮೂರು ಟನ್ನಿಗೂ ಹೆಚ್ಚು ತೂಕ, 12.7 ಲೀಟರಿನ ಎಂಟು ಸಿಲಿಂಡರ್ ಎಂಜಿನ್. ಮೂತಿಯ ಮೇಲೆ ಸೊಂಡಿಲೆತ್ತಿ ನಿಂತ ಆನೆ; ಅದರ ಮೂಲಶಿಲ್ಪ ಎತ್ತೋರೆಯ ತಮ್ಮ, ಶಿಲ್ಪಿ ರೆಂಬ್ರಾಂಟ್ ಬುಗಾಟಿಯದು. 25 ಕಾರುಗಳನ್ನು ತಯಾರಿಸುವ ಯೋಜನೆಯೇನೋ ಇತ್ತು. ಅಷ್ಟರಲ್ಲಿ 1929ರ ಆರ್ಥಿಕ ಕುಸಿತ ಬಂತು. ಆಗ ಗಿರಾಕಿಗಳ ಕೈಸೇರಿದ್ದು ಮೂರೇ ಕಾರು!

ಉಳಿದ ಎಂಜಿನ್‌ಗಳನ್ನು, ಅವನ್ನೇ ನಂಬಿದ್ದ ಕೆಲಸಗಾರರನ್ನು ಏನು ಮಾಡುವುದು? ಎತ್ತೋರೆ ಅವೇ ಎಂಜಿನ್‌ಗಳನ್ನು ರೈಲುಬಂಡಿಗೆ ಜೋಡಿಸಿದ. 1933ರಿಂದ ಫ್ರಾನ್ಸಿನ ಹಳಿಗಳ ಮೇಲೆ ಬುಗಾಟಿ ರೈಲು ಓಡತೊಡಗಿತು. ರಾಜರಿಗೆಂದು ಮಾಡಿದ ಎಂಜಿನ್ ಟಿಕೆಟ್ ಕೊಂಡ ಸಾಮಾನ್ಯರನ್ನು ಹೊತ್ತು ಸಾಗಿತು. ಕಾರ್ಖಾನೆಯ ಒಲೆ ಆರಲಿಲ್ಲ.

ಮಗ ಜ್ಯಾನ್ ತಂದೆಯನ್ನು ಮೀರಿಸುವಂತಿದ್ದ. 1934ರಲ್ಲಿ ಬಂದ 'ಟೈಪ್ 57' ಅವನ ಕೈಚಳಕ. ದೂರ ಪ್ರಯಾಣಕ್ಕೆ ಹೇಳಿ ಮಾಡಿಸಿದ ಈ ಐಷಾರಾಮಿ ಕಾರು ಸುಮಾರು 700ರಷ್ಟು ತಯಾರಾಯಿತು. ಅದರದೇ ರೇಸು ರೂಪಗಳು 1937 ಮತ್ತು 1939ರಲ್ಲಿ ಲ ಮಾನ್ಸ್‌ನ 24 ಗಂಟೆಗಳ ಪಂದ್ಯ ಗೆದ್ದವು. 1939ರ ಆಗಸ್ಟ್ 11ರಂದು, ಗೆದ್ದ ಆ ಕಾರನ್ನೇ ಮೋಲ್ಸೈಮ್ ಬಳಿಯ ರಸ್ತೆಯಲ್ಲಿ ಪರೀಕ್ಷಿಸುತ್ತಿದ್ದಾಗ, ಅಡ್ಡಬಂದ ಸೈಕಲ್ ಸವಾರನನ್ನು ತಪ್ಪಿಸಲು ಹೋಗಿ ಜ್ಯಾನ್ ಪ್ರಾಣ ಕಳೆದುಕೊಂಡ. ವಯಸ್ಸು ಮೂವತ್ತು. ತಂದೆ 1947ರಲ್ಲಿ ತೀರಿಕೊಂಡ. ಇಬ್ಬರ ಸಮಾಧಿಯೂ ಪಕ್ಕದ ದೋರ್ಲಿಸೈಮ್ ಗ್ರಾಮದಲ್ಲಿದೆ.

ಇದೇ ಪ್ರಾಂತದ ದಕ್ಷಿಣದ ಮುಲೂಸ್ ನಗರದಲ್ಲಿ ಷ್ಲುಂಫ್ ಸೋದರರೆಂಬ ಗಿರಣಿ ಮಾಲೀಕರು ನೂರಕ್ಕೂ ಹೆಚ್ಚು ಬುಗಾಟಿಗಳನ್ನು ಗುಟ್ಟಾಗಿ ಕೂಡಿಹಾಕಿದ್ದರು. ಗಿರಣಿಗಳು ಮುಳುಗಿದಾಗ, 1977ರಲ್ಲಿ ಕೆಲಸ ಹೋದ ಕಾರ್ಮಿಕರು ಒಳನುಗ್ಗಿ ಈ ಐಶ್ವರ್ಯವನ್ನು ಕಂಡು ಬೆರಗಾದರು. ಮರುವರ್ಷ ಸರ್ಕಾರ ಅದನ್ನು ರಾಷ್ಟ್ರೀಯ ಪರಂಪರೆಗೆ ಸೇರಿಸಿತು. 1982ರಲ್ಲಿ ಅದು ಸಾರ್ವಜನಿಕ ವಸ್ತುಸಂಗ್ರಹಾಲಯವಾಯಿತು. ಅಲ್ಲಿ ರೊಯಾಲ್ ಕಾರುಗಳಿವೆ. ಅದೇ ಊರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಬುಗಾಟಿ ರೈಲುಬಂಡಿಯೂ ಇದೆ. ಮುಲೂಸಿಗೆ ಹೋದವರು ಎರಡನ್ನೂ ನೋಡಿಯೇ ಬರಬೇಕು.