ಗಾಡಿ ಗಡಿ ದಾಟಿತು, ಹೆಸರು?

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿ ಮೂರು ಹೋಬಳಿಗಳಿವೆ: ಶಿಗ್ಗಾವಿ, ಬಂಕಾಪುರ ಮತ್ತು ದುಂಡಸಿ. ಮೊದಲ ಎರಡರ ಹೆಸರು ಹೆದ್ದಾರಿಯಲ್ಲಿ ಓಡಾಡುವವರಿಗೆ ಗೊತ್ತು. ದುಂಡಸಿ ಮಾತ್ರ ಹೆದ್ದಾರಿಯ ಸದ್ದಿನಿಂದ ಪಶ್ಚಿಮಕ್ಕೆ ಸರಿದು ಕೂತ ಊರು. ಬಯಲುಸೀಮೆ ಮುಗಿದು ಮಲೆನಾಡು ಇನ್ನೂ ಶುರುವಾಗದ ನೆಲವಿದು; ಒಂದು ಕಡೆ ಗೋವಿನಜೋಳ, ಇನ್ನೊಂದು ಕಡೆ ಭತ್ತ. ಮತ್ತೂ ಪಶ್ಚಿಮಕ್ಕೆ ಹೋದರೆ ಉತ್ತರ ಕನ್ನಡದ ಮುಂಡಗೋಡ ಸೀಮೆ.

ಈ ಭಾಗದ ಹಿರಿಯರಿಗೆ ಎತ್ತು ಕೊಳ್ಳುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಸಂತೆಯಲ್ಲಿ ಎತ್ತಿನ ತುಟಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಹಾಲುಹಲ್ಲೋ, ಎರಡು ಹಲ್ಲೋ, ಬಾಯಿ ಗೂಡಿದೆಯೋ ಎಂಬುದರ ಮೇಲೆ ವಯಸ್ಸು ನಿರ್ಧಾರವಾಗುತ್ತದೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಹಗ್ಗ ಕೈ ಬದಲಾಯಿತೆಂದರೆ ವ್ಯಾಪಾರ ಮುಗಿಯಿತು. ನಾಳೆ ಆ ಎತ್ತು ಯಾರನ್ನಾದರೂ ಹಾಯ್ದರೆ ಹಳೆಯ ಯಜಮಾನನನ್ನು ಯಾರೂ ಕೇಳುವುದಿಲ್ಲ.

ಈಗ ಹಳ್ಳಿಯ ಅಂಗಳದಲ್ಲೂ ಕಾರು ನಿಂತಿರುತ್ತದೆ. ಮಗಳ ಕಾಲೇಜಿನ ಫೀ ಕಟ್ಟಲೆಂದೋ ಹೊಸದನ್ನು ಕೊಳ್ಳಲೆಂದೋ ಅದನ್ನು ಮಾರುವ ದಿನವೂ ಬರುತ್ತದೆ. ಇಲ್ಲಿಯೇ ಎತ್ತಿನ ಲೆಕ್ಕ ತಪ್ಪುವುದು. ಕಾರಿನ ವ್ಯಾಪಾರ ಕೀ ಕೊಟ್ಟರೆ ಮುಗಿಯುವುದಿಲ್ಲ. ಹೆಸರೂ ಕೈ ಬದಲಾಗಬೇಕು.

ಕಾರಿನ ಹಲ್ಲು ಎಂದರೆ ಅದರ ಚಾಸಿ ನಂಬರು. ಅಕ್ಷರ ಮತ್ತು ಅಂಕಿ ಸೇರಿ ಒಟ್ಟು 17. ಇದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇರುವುದಿಲ್ಲ. ಒಂದು ಮತ್ತು ಸೊನ್ನೆಯೊಡನೆ ಗೊಂದಲವಾಗಬಾರದೆಂದು ಅವನ್ನು ಬಿಟ್ಟಿದ್ದಾರೆ. ಲೋಹದ ಮೇಲೆ ಒತ್ತಿದ ಈ ಗುರುತಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ನಾಣ್ಯದ ಮೇಲೆ ಮಕ್ಕಳು ಆಡುವ ಆಟವೇ ಆರ್‌ಟಿಓ ಕಚೇರಿಯಲ್ಲಿ ಪುರಾವೆಯಾಗುತ್ತದೆ.

ಗಡಿ ಎಂಬುದು ಈ ಸೀಮೆಗೆ ಹೊಸದಲ್ಲ. ನೆರೆಯ ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಶಿಗ್ಗಾವಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿತ್ತು. ಘಟ್ಟ ಇಳಿದರೆ ಸಿಗುವ ಗೋವಾ 1961ರ ಡಿಸೆಂಬರ್ 19ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಸ್ವತಂತ್ರ ಭಾರತದಲ್ಲೂ ಹದಿನಾಲ್ಕು ವರ್ಷ ದುಂಡಸಿಗೆ ಹತ್ತಿರದ ಪರರಾಜ್ಯದ ಗಡಿ ಅದೇ. ಪೋರ್ಚುಗಲ್ 1928ರಲ್ಲಿ ರಸ್ತೆಯ ಬಲಬದಿಗೆ ಬದಲಾದರೂ ಗೋವಾ ಎಡಬದಿಯಲ್ಲೇ ಉಳಿಯಿತು. ಸುತ್ತಲಿನವರೆಲ್ಲ ಎಡಕ್ಕೆ ಓಡಿಸುವಾಗ ಇದೊಂದೇ ಬಲಕ್ಕೆ ಹೊರಳುವುದು ಹೇಗೆ?

ಇಂದು ಗೋವಾ ನಮ್ಮದೇ ರಾಜ್ಯ. ಆದರೂ ಹಾವೇರಿಯ ಕೆಎ 27 ಸಂಖ್ಯೆಯ ಕಾರನ್ನು ಅಲ್ಲಿಯವರು ಕೊಂಡರೆ ಕಾಗದದ ಗಡಿ ಇದ್ದೇ ಇದೆ. ಮೊದಲು ಫಾರಂ 28 ತುಂಬಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ವರ್ಗಾವಣೆಗೆ ಫಾರಂ 29 ಮತ್ತು 30. ಮಾರಿದವನು ಮಾರಾಟವನ್ನು ರಾಜ್ಯದೊಳಗಾದರೆ 14 ದಿನ, ಹೊರರಾಜ್ಯವಾದರೆ 45 ದಿನಗಳಲ್ಲಿ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ.

ಇನ್ನು ದೇಶದ ಗಡಿ. ನೇಪಾಳಕ್ಕೆ ನಮ್ಮ ಕಾರಿನಲ್ಲಿ ದಿನದ ಲೆಕ್ಕದ ಸುಂಕ ಕಟ್ಟಿ ಪ್ರವಾಸ ಹೋಗಬಹುದು. ಅಲ್ಲಿ ಮಾರಿ ಬರಿಗೈಯಲ್ಲಿ ಮರಳುವಂತಿಲ್ಲ. ಹೊರದೇಶದ ಹಳೆಯ ಕಾರು ಇಲ್ಲಿಗೆ ಬರುವುದೂ ಸುಲಭವಲ್ಲ. ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೇರಿಂಗ್ ಬಲಕ್ಕಿರಬೇಕು, ವೇಗಮಾಪಕ ಕಿಲೋಮೀಟರಿನಲ್ಲಿ ತೋರಿಸಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು ಎಂಬುದು ಆಮದು ನೀತಿ.

ಇಷ್ಟು ನಿಯಮಗಳಿದ್ದರೂ ಕಳ್ಳದಾರಿ ಹುಡುಕುವವರಿದ್ದಾರೆ. 2025ರ ಸೆಪ್ಟೆಂಬರ್ 23ರಂದು ಕೇರಳದಲ್ಲಿ ಕಸ್ಟಮ್ಸ್ ಅಧಿಕಾರಿಗಳು ‘ಆಪರೇಷನ್ ನುಮ್‌ಖೋರ್’ ಹೆಸರಿನಲ್ಲಿ ಶೋಧ ನಡೆಸಿ ಮೂವತ್ತಕ್ಕೂ ಹೆಚ್ಚು ವಾಹನಗಳನ್ನು ವಶಪಡಿಸಿಕೊಂಡರು. ನುಮ್‌ಖೋರ್ ಎಂದರೆ ಭೂತಾನದ ಭಾಷೆಯಲ್ಲಿ ವಾಹನ. ಅಲ್ಲಿ ವಿಲೇವಾರಿಯಾದ ಹಳೆಯ ಗಾಡಿಗಳನ್ನು ಕಳ್ಳದಾರಿಯಿಂದ ತಂದು, ಖೊಟ್ಟಿ ದಾಖಲೆ ತೋರಿಸಿ ಇಲ್ಲಿ ನೋಂದಾಯಿಸಲಾಗಿದೆ ಎಂಬುದು ಅಧಿಕಾರಿಗಳ ಆರೋಪ. ಇಂಥ ಗಾಡಿಯನ್ನು ಅಗ್ಗವೆಂದು ಕೊಂಡವನಿಗೆ ಹಣವೂ ಹೋಗಬಹುದು, ಗಾಡಿಯೂ ಹೋಗಬಹುದು.

ಮಾರಿದವನಿಗೂ ನೆಮ್ಮದಿಯಿಲ್ಲ. ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿದ್ದ ಒಂದು ಕಾರು 2009ರಲ್ಲಿ ಅಪಘಾತ ಮಾಡಿತು, ಮಗುವೊಂದು ಸತ್ತಿತು. ನೋಂದಣಿ ಪುಸ್ತಕದಲ್ಲಿ ಮಾತ್ರ ಮೊದಲ ಮಾಲೀಕನ ಹೆಸರೇ ಇತ್ತು. ಕಾನೂನಿನ ಕಣ್ಣಿಗೆ ಅವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಎರಡು ವರ್ಷದ ಹಿಂದೆಯೇ ಮಾರಿದ್ದೆ ಎಂಬ ಅವನ ಮಾತು ಅವನನ್ನು ಕಾಯಲಿಲ್ಲ.

ಒಂದೇ ದೇಶದೊಳಗೆ ಹೀಗಾದರೆ, ಕಾಗದವಿಲ್ಲದೆ ದೇಶದ ಗಡಿ ದಾಟಿ ಕಣ್ಮರೆಯಾದ ಗಾಡಿಯ ಗತಿಯೇನು? ಅದು ಎಲ್ಲಿದೆ, ಯಾರು ಓಡಿಸುತ್ತಿದ್ದಾರೆ ಎಂಬುದು ತಿಳಿಯದು. ಹೆಸರು ಮಾತ್ರ ಹಾವೇರಿಯ ದಾಖಲೆಯಲ್ಲಿ ಉಳಿದಿರುತ್ತದೆ.

ಹಾಗಾಗಿ ಕೊಳ್ಳುವವರು ಬಾಗಿಲಿಗೆ ಬಂದಾಗ ಅಪ್ಪ ಬೆಲೆ ಮಾತಾಡಲಿ, ಓದುವ ಮಕ್ಕಳು ಕಾಗದ ನೋಡಲಿ. ಚಾಸಿ ನಂಬರನ್ನು ಒಂದೊಂದೇ ಅಕ್ಷರ ಓದಿ ನೋಂದಣಿ ಪುಸ್ತಕದೊಡನೆ ತಾಳೆ ಹಾಕಲಿ. ಹೆಸರು ಬದಲಾದ ಮೇಲೆ ಅದರ ಪ್ರತಿ ತರಿಸಿಕೊಂಡು ಟ್ರಂಕಿನಲ್ಲಿ ಇಡಲಿ. ಅಜ್ಜ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದ ಜಾಣತನವೇ ಇದು. ಮೊಮ್ಮಕ್ಕಳು ಅದನ್ನು ಕಾಗದದ ಮೇಲೆ ನಡೆಸಬೇಕು, ಅಷ್ಟೆ.