ನಿಂತವರಿಗೆ ಉಳಿಗಾಲವಿಲ್ಲ

ಡೂಮ್ ಆಡುತ್ತಿರುವವರು ಹೊಸಬರೋ ಪಳಗಿದವರೋ ಎಂದು ತಿಳಿಯಲು ಪರದೆ ನೋಡಬೇಕಾಗಿಲ್ಲ, ಅವರ ಎಡಗೈ ನೋಡಿದರೆ ಸಾಕು. ಹೊಸಬರ ಎಡಗೈ ಕೀಬೋರ್ಡಿನ ಮೇಲೆ ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ. ಮೌಸ್ ಹಿಡಿದ ಬಲಗೈ ಮಾತ್ರ ಗುರಿ ಹುಡುಕುತ್ತ ಒದ್ದಾಡುತ್ತದೆ. ಪಳಗಿದವರ ಎಡಗೈಗೆ ಬಿಡುವೆಂಬುದೇ ಇಲ್ಲ. ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮತ್ತೆ ಎಡಕ್ಕೆ. ಈ ಆಟದಲ್ಲಿ ಜೀವ ಇರುವುದು ಕಾಲಿನಲ್ಲಿ. ಕೋವಿ ಆಮೇಲಿನ ಮಾತು. ಇದೊಂದು ಮನಸ್ಸಿಗೆ ಇಳಿಯುವವರೆಗೆ ಎಂಥ ಆಯುಧ ಕೈಗೆ ಸಿಕ್ಕರೂ ಉಪಯೋಗವಿಲ್ಲ.

1993ರ ಡಿಸೆಂಬರ್ 10ರಂದು ಅಮೆರಿಕದ ಟೆಕ್ಸಾಸ್‌ನ ಐಡಿ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿ ಈ ಆಟವನ್ನು ಬಿಡುಗಡೆ ಮಾಡಿತು. ಎಂಜಿನ್ ಬರೆದವರು ಜಾನ್ ಕಾರ್ಮ್ಯಾಕ್. ಮೊದಲ ಭಾಗದ ಬಹುಪಾಲು ಲೆವೆಲ್‌ಗಳನ್ನು ಕಟ್ಟಿದವರು ಜಾನ್ ರೊಮೆರೊ. ಮೂರು ಭಾಗಗಳಲ್ಲಿ ಮೊದಲನೆಯದನ್ನು ಪುಕ್ಕಟೆ ಹಂಚಿದರು, ರುಚಿ ಹತ್ತಿದವರಿಂದ ಉಳಿದೆರಡಕ್ಕೆ ದುಡ್ಡು ಪಡೆದರು. ಕಥೆ ಒಂದೇ ಉಸಿರಿನದು: ಮಂಗಳ ಗ್ರಹದ ಉಪಗ್ರಹ ಫೋಬೋಸ್‌ನ ಠಾಣೆಯೊಳಗೆ ನರಕದ ಬಾಗಿಲು ತೆರೆದುಕೊಂಡಿದೆ, ಬದುಕಿ ಉಳಿದ ಸೈನಿಕ ನೀವೊಬ್ಬರೇ. 1997ರಲ್ಲಿ ಆಟದ ಸೋರ್ಸ್ ಕೋಡನ್ನೇ ಎಲ್ಲರಿಗೂ ಬಿಟ್ಟುಕೊಟ್ಟರು. ಹಾಗಾಗಿ ಇವತ್ತಿನ ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ ಅದು ಸಲೀಸಾಗಿ ಓಡುತ್ತದೆ, ಅಭಿಮಾನಿಗಳು ಈಗಲೂ ಹೊಸ ಹೊಸ ಲೆವೆಲ್ ಕಟ್ಟುತ್ತಲೇ ಇದ್ದಾರೆ. 2018ರಲ್ಲಿ ಬಂದ ಡಸ್ಕ್‌ನಂಥ, ಹಳೆಯ ಧಾಟಿಯ ಹೊಸ ಆಟಗಳನ್ನು ಆಡುವವರಿಗೂ ಇಲ್ಲಿ ಕಲಿತದ್ದು ಕೈಬಿಡುವುದಿಲ್ಲ.

ಈಚಿನ ಯುದ್ಧದ ಆಟಗಳಿಂದ ಡೂಮ್‌ಗೆ ಬರುವವರು ಒಂದು ಅಭ್ಯಾಸವನ್ನು ಜೊತೆಗೇ ತರುತ್ತಾರೆ. ಪೆಟ್ಟು ಬಿದ್ದೊಡನೆ ಗೋಡೆಯ ಮರೆಗೆ ಸರಿದು ಕೂರುವುದು. ಅಲ್ಲಿ ಸ್ವಲ್ಪ ಹೊತ್ತು ಕೂತರೆ ಗಾಯ ತಾನಾಗಿ ಮಾಯುತ್ತದೆ. ಇಲ್ಲಿ ಮಾಯುವುದಿಲ್ಲ. ಕಳೆದುಕೊಂಡ ಆರೋಗ್ಯವನ್ನು ಎಲ್ಲೋ ಬಿದ್ದಿರುವ ಔಷಧಿ ಪೆಟ್ಟಿಗೆಯಿಂದಲೇ ತುಂಬಿಕೊಳ್ಳಬೇಕು, ಆ ಪೆಟ್ಟಿಗೆಯ ತನಕ ನಡೆದೇ ಹೋಗಬೇಕು. ನೀವು ಮೂಲೆಯಲ್ಲಿ ಕೂತಷ್ಟು ಹೊತ್ತು ರಾಕ್ಷಸರೂ ಕೂತಿರುವುದಿಲ್ಲ. ಬಾಗಿಲು ತೆರೆಯಲು ಅವರಿಗೂ ಬರುತ್ತದೆ.

ಆದ್ದರಿಂದ ಆಟ ಶುರುಮಾಡುವ ಮೊದಲೇ ಪಕ್ಕಕ್ಕೆ ಸರಿಯುವ ಕೀಗಳನ್ನು ಬೆರಳಿನ ಬುಡಕ್ಕೆ ತಂದುಕೊಳ್ಳಿ. ಸದಾ ಓಡುವ ಆಯ್ಕೆ ಇದ್ದರೆ ಅದನ್ನೂ ಹಾಕಿಕೊಳ್ಳಿ. ತಲೆ ಎತ್ತಿ ತಗ್ಗಿಸಿ ಗುರಿಯಿಡುವ ಗೋಜು ಮೂಲ ಡೂಮ್‌ನಲ್ಲಿಲ್ಲ. ವೈರಿ ಮೇಲಿನ ಅಟ್ಟದಲ್ಲಿದ್ದರೂ ಅವನ ನೇರಕ್ಕೆ ತಿರುಗಿ ಹೊಡೆದರೆ ಗುಂಡು ತಾನೇ ಮೇಲೇರುತ್ತದೆ. ಗುರಿಯ ಅರ್ಧ ಕೆಲಸವನ್ನು ಆಟವೇ ಮಾಡಿಕೊಡುತ್ತದೆ, ನೀವು ಓಡಾಟದ ಕಡೆ ಮನಸ್ಸು ಕೊಡಲೆಂದು.

ಆ ಓಟವೂ ಎಂಥದು! ಮೈಮೇಲೆ ಮುಳ್ಳಿರುವ ಕಂದು ಬಣ್ಣದ ಇಂಪ್ ಬೆಂಕಿಯ ಚೆಂಡು ಎಸೆಯುತ್ತದೆ. ನೋಡಲು ಭಯಂಕರ, ಆದರೆ ನೀವು ಪೂರ್ತಿ ವೇಗದಲ್ಲಿ ಓಡಿದರೆ ಅದು ನಿಮಗಿಂತ ನಿಧಾನ. ಮುಂದಕ್ಕೂ ಪಕ್ಕಕ್ಕೂ ಒಟ್ಟಿಗೇ ಒತ್ತಿ ಓರೆಯಾಗಿ ಓಡಿದರೆ ವೇಗ ಇನ್ನೂ ಹೆಚ್ಚುತ್ತದೆ. ಬೆಂಕಿಚೆಂಡು ಕಂಡು ಹಿಂದೆ ಓಡುವುದು ಹೊಸಬರ ಸಹಜ ಪ್ರವೃತ್ತಿ. ಹಿಂದೆ ಓಡಿದರೆ ಅದು ಬರುವ ಗೆರೆಯ ಮೇಲೇ ಇರುತ್ತೀರಿ. ಪಕ್ಕಕ್ಕೆ ಎರಡು ಹೆಜ್ಜೆ ಸರಿಯಿರಿ, ಕಿವಿಯ ಪಕ್ಕದಲ್ಲಿ ಹಾದುಹೋಗುತ್ತದೆ. ಕಬಡ್ಡಿಯಲ್ಲಿ ರೈಡಿಗೆ ಹೋದವನು ಎದುರಾಳಿಗಳಿಗೆ ಮುಖ ಕೊಟ್ಟುಕೊಂಡೇ ಅಡ್ಡಡ್ಡ ಜಾರುತ್ತಾನಲ್ಲ, ಹಾಗೆ: ಕಣ್ಣು ವೈರಿಯ ಮೇಲೆ, ಕಾಲು ಪಕ್ಕಕ್ಕೆ. ಒಂಟಿ ವೈರಿಯಾದರೆ ಅವನನ್ನೇ ನಡುವಿಟ್ಟುಕೊಂಡು ವೃತ್ತಾಕಾರವಾಗಿ ಸುತ್ತುತ್ತ ಹೊಡೆಯಬಹುದು. ಈ ಸುತ್ತು ಕೈಗೆ ಹತ್ತಿದ ದಿನ ಆಟದ ಲಯವೇ ಬೇರೆಯಾಗುತ್ತದೆ. ನನಗೆ ಡೂಮ್ ಇಷ್ಟವಾಗಿರುವುದು ಮೊದಲಿಗೆ ಈ ಕಾರಣಕ್ಕೆ. ಹೆದರಿಕೆ ಎಂದುಕೊಂಡದ್ದು ಕುಣಿತವಾಗುತ್ತದೆ.

ತಪ್ಪಿಸಿಕೊಳ್ಳಲಾಗದ್ದೂ ಒಂದಿದೆ: ಗುಂಡು. ಸತ್ತು ಎದ್ದು ಕೋವಿ ಹಿಡಿದ ಸೈನಿಕರು ಹಾರಿಸುವ ಗುಂಡಿಗೆ ದಾರಿಯಿಲ್ಲ, ಸಮಯವಿಲ್ಲ. ಹಾರಿಸಿದ ಕ್ಷಣವೇ ತಗುಲುತ್ತದೆ. ಕೋಣೆಗೆ ಕಾಲಿಟ್ಟಾಗ ಕಣ್ಣು ಮೊದಲು ಹುಡುಕಬೇಕಾದದ್ದು ಇವರನ್ನು. ದೊಡ್ಡ ಕೊಂಬಿನ ರಾಕ್ಷಸ ಎದುರಿಗೇ ನಿಂತಿದ್ದರೂ ಅವನ ಬಗಲಲ್ಲಿರುವ ಶಾಟ್‌ಗನ್ ಸೈನಿಕನನ್ನು ಮೊದಲು ಕೆಡವಿ. ಡೂಮ್ 2ರಲ್ಲಿ ಚೈನ್‌ಗನ್ ಹಿಡಿದವನು ಇನ್ನೂ ಅಪಾಯಕಾರಿ, ಗುಂಡಿನ ಮಳೆ ನಿಲ್ಲಿಸುವುದೇ ಇಲ್ಲ. ಅಂಥವರ ವಿಷಯದಲ್ಲಿ ಮಾತ್ರ ಮೂಲೆಯ ಸಹಾಯ ಪಡೆಯಿರಿ: ಇಣುಕಿ ಹೊಡೆದು ಮತ್ತೆ ಮರೆಗೆ. ದೂರದವರಿಗೆ ಪಿಸ್ತೂಲೋ ಚೈನ್‌ಗನ್ನೋ ಬಳಸುವಾಗ ಹೊಡೆಯುವ ಕೀಯನ್ನು ಒತ್ತಿ ಹಿಡಿಯಬೇಡಿ. ಬಿಟ್ಟು ಬಿಟ್ಟು ಒತ್ತಿದರೆ ಮೊದಲ ಗುಂಡು ನೇರ ಹೋಗುತ್ತದೆ, ಹಿಡಿದೇ ಇದ್ದರೆ ಚದುರುತ್ತದೆ. ರಾಕೆಟ್ ಲಾಂಚರ್ ಸಿಕ್ಕಾಗ ಹತ್ತಿರದ ವೈರಿಗೆ, ಹತ್ತಿರದ ಗೋಡೆಗೆ ಬೇಡವೇ ಬೇಡ. ಅದರ ಸಿಡಿತ ನಿಮ್ಮನ್ನೂ ಬಿಡುವುದಿಲ್ಲ.

ಇನ್ನು ಕಿವಿ. ಒಳ್ಳೆಯ ಹೆಡ್‌ಫೋನ್ ಹಾಕಿ ಆಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಎಚ್ಚರಗೊಂಡ ಬಹುತೇಕ ಜಾತಿಯ ರಾಕ್ಷಸರಿಗೆ ಅವುಗಳದೇ ಕೂಗು, ಎಡಗಿವಿಯಲ್ಲಿ ಕೇಳಿದರೆ ಎಡಕ್ಕಿದೆ ಎಂದೇ ಅರ್ಥ. ಅವಕ್ಕೂ ಕಿವಿಯಿದೆ ಎನ್ನುವುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ. ನಡೆದರೆ, ಓಡಿದರೆ ಅವಕ್ಕೆ ಸದ್ದಾಗುವುದಿಲ್ಲ. ಆಯುಧ ಪ್ರಯೋಗಿಸಿದಿರೋ, ಬರೀ ಮುಷ್ಟಿ ಬೀಸಿದಿರೋ, ಸದ್ದು ತೆರೆದ ದಾರಿಗಳಲ್ಲೆಲ್ಲ ಹರಿದು ಕೋಣೆಯಿಂದ ಕೋಣೆಗೆ ಹೋಗುತ್ತದೆ, ಮುಚ್ಚಿದ ಬಾಗಿಲಿಗೆ ಬಂದು ನಿಲ್ಲುತ್ತದೆ. ಬೆನ್ನು ಹಾಕಿ ನಿಂತ ಇಂಪ್‌ಗಳ ಗುಂಪು ಕಂಡರೆ ತಕ್ಷಣ ಹೊಡೆಯಬೇಡಿ. ಎಲ್ಲಿ ನಿಂತರೆ ಓಡಲು ಜಾಗವಿದೆ, ಬಂದ ದಾರಿ ಬಿಡುವಾಗಿದೆಯೇ, ಸಿಡಿಯುವ ಪೀಪಾಯಿ ಯಾರ ಪಕ್ಕದಲ್ಲಿದೆ, ಇಷ್ಟನ್ನು ನೋಡಿಕೊಂಡ ಮೇಲೆ ಮೊದಲ ಗುಂಡು. ಅದು ಪೀಪಾಯಿಗೇ ಆದರೆ ಒಳ್ಳೆಯದು.

ಪರದೆಯ ಕೆಳಗೆ, ನಟ್ಟನಡುವೆ ನಮ್ಮ ಸೈನಿಕನ ಮುಖವಿದೆ. ಆರೋಗ್ಯ ಇಳಿದಂತೆ ಆ ಮುಖಕ್ಕೆ ರಕ್ತ ಮೆತ್ತುತ್ತ ಹೋಗುತ್ತದೆ. ಅದನ್ನು ಅಲಂಕಾರ ಎಂದುಕೊಳ್ಳುವವರೇ ಹೆಚ್ಚು. ಅಕ್ಕನ ಮಗ ನನ್ನ ಪಕ್ಕ ಕೂತು ಆಡುವಾಗ, "ಮಾಮ, ಎಲ್ಲಿಂದ ಹೊಡೀತಿದಾನೆ ಇವನು?" ಎಂದು ಗಾಬರಿಯಲ್ಲಿ ಸುತ್ತಲೂ ತಿರುಗುತ್ತಿದ್ದ. "ಕೆಳಗೆ ಮುಖ ನೋಡೋ, ಅದು ಯಾವ ಕಡೆ ತಿರುಗ್ತು?" ಎಂದೆ. ಪೆಟ್ಟು ಬಂದ ದಿಕ್ಕಿಗೆ ಆ ಮುಖ ಹೊರಳುತ್ತದೆ. ಅವನೂ ಅತ್ತ ಹೊರಳಿದ, ಮೆಟ್ಟಿಲ ಮೇಲಿನ ಸೈನಿಕ ಸಿಕ್ಕಿಬಿದ್ದ. ಇಷ್ಟು ಚಿಕ್ಕ ಚಿತ್ರಕ್ಕೆ ಇಷ್ಟು ದೊಡ್ಡ ಕೆಲಸ ಕೊಟ್ಟವರ ಕುಶಲತೆ ನನಗೆ ಈಗಲೂ ಬೆರಗು.

ನಾನು ಅತಿಯಾಗಿ ಪ್ರೀತಿಸುವುದು ಮಾತ್ರ ರಾಕ್ಷಸರ ಒಳಜಗಳವನ್ನು. ಯಾರು ಹೊಡೆದರೋ ಅವರ ಮೇಲೆ ತಿರುಗಿ ಬೀಳುವುದು ಇವುಗಳ ಸ್ವಭಾವ. ಹೊಡೆದವರು ನೀವೇ ಆಗಿರಬೇಕಿಲ್ಲ. ನಿಮಗೆಂದು ಇಂಪ್ ಎಸೆದ ಬೆಂಕಿ ನಡುವೆ ಬಂದ ಪಿಂಕಿಯ ಬೆನ್ನಿಗೆ ಬಿತ್ತೆನ್ನಿ. ಪಿಂಕಿ ಎಂದರೆ ಗುಲಾಬಿ ಮೈಯ, ಕಚ್ಚಲಷ್ಟೇ ಬರುವ ದಢೂತಿ ಪ್ರಾಣಿ. ಅದು ನಿಮ್ಮನ್ನು ಬಿಟ್ಟು ಇಂಪ್ ಕಡೆ ನುಗ್ಗುತ್ತದೆ. ನೀವು ಒಂದು ತೋಟಾ ಖರ್ಚು ಮಾಡದೆ ಇಬ್ಬರು ವೈರಿಗಳು ಸವೆಯುತ್ತಾರೆ. ಒಂದೇ ಜಾತಿಯವು ಪರಸ್ಪರರ ಬೆಂಕಿಯಿಂದ ಸುಟ್ಟುಕೊಳ್ಳುವುದಿಲ್ಲ, ಸೈನಿಕರ ಗುಂಡಿಗಾದರೋ ಆ ಭೇದವೂ ಇಲ್ಲ. ಇದು ಅದೃಷ್ಟಕ್ಕೆ ಬಿಟ್ಟ ಸಂಗತಿಯಲ್ಲ, ನಾವು ಎಲ್ಲಿ ನಿಲ್ಲುತ್ತೇವೆ, ಯಾವ ಕೋನದಿಂದ ಓಡುತ್ತೇವೆ ಎಂಬುದರ ಮೇಲೆ ನಿಂತದ್ದು. ಒಬ್ಬನ ಹೊಡೆತದ ಗೆರೆಗೆ ಇನ್ನೊಬ್ಬ ಅಡ್ಡ ಬರುವಂತೆ ಸುತ್ತಬೇಕು. ಡೂಮ್ 2ರ ಎಂಟನೇ ಲೆವೆಲ್ಲಿನಲ್ಲಿ 4000 ಆರೋಗ್ಯದ ಸೈಬರ್‌ಡೀಮನ್‌ನ ಸುತ್ತ ಬ್ಯಾರನ್ ಎಂಬ ಕೊಂಬಿನ ಕಡುರಾಕ್ಷಸರ ದಂಡೇ ನಿಂತಿರುವ ಕೋಣೆಯಿದೆ. ಒಬ್ಬೊಬ್ಬ ಬ್ಯಾರನ್‌ನದು 1000. ಎಲ್ಲರನ್ನೂ ನೀವೇ ಕೊಲ್ಲುವುದಾದರೆ ತೋಟಾ ಎಷ್ಟಿದ್ದರೂ ಸಾಲದು. ಅವರನ್ನು ಕೆಣಕಿ, ನಡುವೆ ಸಿಕ್ಕದಂತೆ ಓಡಿ. ಬ್ಯಾರನ್‌ಗಳ ಹಸಿರು ಬೆಂಕಿ ಸೈಬರ್‌ಡೀಮನ್‌ಗೆ ತಗುಲಿ, ಅವನ ರಾಕೆಟ್‌ಗಳು ಅವರ ಮೇಲೆ ಸಿಡಿಯತೊಡಗಿದರೆ ಆ ಕೋಣೆಯ ಲೆಕ್ಕವನ್ನು ಅವರೇ ಚುಕ್ತಾ ಮಾಡಿಕೊಳ್ಳುತ್ತಾರೆ.

ಡೂಮ್ 2ರ ಆರ್ಚ್‌ವೈಲ್ ಎಂಬ ರಾಕ್ಷಸ ಈ ನಿಯಮಕ್ಕೆ ಹೊರತು. ಅದು ಹೊಡೆದರೆ ಯಾರೂ ತಿರುಗಿ ಬೀಳುವುದಿಲ್ಲ, ಸಾಲದ್ದಕ್ಕೆ ನೀವು ಕೊಂದವರನ್ನು ಅದು ಮತ್ತೆ ಎಬ್ಬಿಸುತ್ತದೆ. ಅದು ಕೈಯೆತ್ತಿ ನಿಮ್ಮ ಕಣ್ಣೆದುರು ಜ್ವಾಲೆ ಎದ್ದಿತೆಂದರೆ ಹತ್ತಿರದ ಕಂಬದ ಹಿಂದೆ ಸರಿಯಿರಿ. ಸ್ಫೋಟದ ಗಳಿಗೆಯಲ್ಲಿ ನೀವು ಅದರ ಕಣ್ಣಿಗೆ ಬೀಳದಿದ್ದರೆ ಏನೂ ಆಗುವುದಿಲ್ಲ.

ಸಿಕ್ಕಿದ್ದನ್ನೆಲ್ಲ ಸಿಕ್ಕಲ್ಲೇ ಎತ್ತಿಕೊಳ್ಳುವ ಆತುರ ಬೇಡ. ದೊಡ್ಡ ಔಷಧಿ ಪೆಟ್ಟಿಗೆ 25 ಕೊಡುತ್ತದೆ, ಆದರೆ 100ರ ಮೇಲೆ ತುಂಬುವುದಿಲ್ಲ. ಆರೋಗ್ಯ 90 ಇದ್ದಾಗ ಅದನ್ನು ತುಳಿದರೆ 15 ಹಾಳು. ಇದ್ದಲ್ಲೇ ಬಿಡಿ, ಜಾಗ ನೆನಪಿಟ್ಟುಕೊಳ್ಳಿ, ಮುಂದಿನ ಕಾಳಗ ಮುಗಿದ ಮೇಲೆ ಬನ್ನಿ. ಟ್ಯಾಬ್ ಒತ್ತಿದರೆ ನಕ್ಷೆ ತೆರೆಯುತ್ತದೆ. ನೀಲಿ ಪುಟ್ಟ ಸೀಸೆಗಳು ಒಂದೊಂದೇ ಅಂಕ ಕೊಟ್ಟರೂ 200ರವರೆಗೆ ಏರಿಸುತ್ತವೆ. ಹಸಿರು ಕವಚ ಪೆಟ್ಟಿನ ಮೂರರಲ್ಲೊಂದು ಪಾಲು ತಡೆದರೆ ನೀಲಿ ಕವಚ ಅರ್ಧ ತಡೆಯುತ್ತದೆ. ಮೊಟ್ಟಮೊದಲ ಲೆವೆಲ್ಲಿನಲ್ಲೇ, ಆಟ ಶುರುವಾಗುವ ಕೋಣೆಯ ಕಿಟಕಿಯಿಂದ ಹೊರಗಿನ ಅಂಗಳದಲ್ಲಿ ಒಂದು ನೀಲಿ ಕವಚ ಕಾಣುತ್ತದೆ. ಕಿಟಕಿ ದಾಟಲಾಗದು, ಬಾಗಿಲು ಕಾಣದು. ಮೊದಲು ತೋರಿಸಿ ಆಮೇಲೆ ದಾರಿ ಹುಡುಕಿಸುವುದು ರೊಮೆರೊ ಕಟ್ಟಿದ ಲೆವೆಲ್‌ಗಳ ಸೊಗಸು. ಬಣ್ಣ ಒಂದಿಷ್ಟು ಬೇರೆಯಾಗಿರುವ ಗೋಡೆ, ಸಾಲು ತಪ್ಪಿದ ಕಲ್ಲು, ಕಾರಣವಿಲ್ಲದೆ ಮಿನುಗುವ ದೀಪ ಕಂಡಲ್ಲಿ ನಿಂತು ಬಾಗಿಲು ತೆರೆಯುವ ಕೀ ಒತ್ತಿ ನೋಡಿ. ಕೋಣೆ ನಿಶ್ಶಬ್ದವಾದ ಮೇಲೆ ಗೋಡೆಗಳನ್ನು ಓದುತ್ತ ಅಡ್ಡಾಡುವ ಆ ಬಿಡುವಿನ ಸುಖ ಕಾಳಗದ ಸುಖಕ್ಕೆ ಏನೂ ಕಡಿಮೆಯಲ್ಲ.

ಕಷ್ಟದ ಮಟ್ಟ ಐದಿವೆ. ಮೊದಲನೆಯದರಲ್ಲಿ ಪೆಟ್ಟು ಅರ್ಧ, ತೋಟಾ ದುಪ್ಪಟ್ಟು. ಕಲಿಯುವವರಿಗೆ ಎರಡನೆಯದೇ ಸರಿ ಎಂದು ನನ್ನ ಅಭಿಪ್ರಾಯ. ಎದುರಿಗೆ ಬರುವ ರಾಕ್ಷಸರು ಎರಡರಲ್ಲೂ ಅವರೇ, ಪೆಟ್ಟು ಮಾತ್ರ ಪೆಟ್ಟಿನಂತಿರುತ್ತದೆ. ಐದನೆಯದಾದ ನೈಟ್‌ಮೇರ್‌ನಲ್ಲಿ ಸತ್ತವರು ಮತ್ತೆ ಏಳುತ್ತಾರೆ, ಅದರ ತಂಟೆಗೆ ಈಗಲೇ ಹೋಗಬೇಡಿ. ಯಾವ ಮಟ್ಟದಲ್ಲೇ ಆಗಲಿ, ನೀವು ಸತ್ತರೆ ಆ ಲೆವೆಲ್ಲಿನ ಆರಂಭಕ್ಕೆ ಬರೀ ಪಿಸ್ತೂಲು, 50 ಗುಂಡುಗಳೊಂದಿಗೆ ಮರಳುತ್ತೀರಿ, ಅಷ್ಟು ಹೊತ್ತು ಕೂಡಿಟ್ಟ ಆಯುಧಗಳೆಲ್ಲ ಹೋಗಿರುತ್ತವೆ. ತಕ್ಷಣ ಸೇವ್ ಮಾಡಿಟ್ಟ ಕಡೆಗೆ ಹಾರಬೇಡಿ. ಹಾಗೆಯೇ ಪಿಸ್ತೂಲೊಂದರಲ್ಲೇ ಒಮ್ಮೆ ಆಡಿ ನೋಡಿ. ಎಷ್ಟೋ ಲೆವೆಲ್‌ಗಳಲ್ಲಿ ಎಷ್ಟು ತೋಟಾ ಎಲ್ಲಿಡಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂದು ಕಟ್ಟಿದವರು ಹಾಕಿದ ಲೆಕ್ಕ ಆಗಲೇ ಬಿಡಿಬಿಡಿಯಾಗಿ ಕಾಣುವುದು. ಓಡುತ್ತ ಹೋಗಿ ಶಾಟ್‌ಗನ್ ಸೈನಿಕ ಎಲ್ಲಿದ್ದಾನೆಂದು ಹುಡುಕಿ. ಪಿಸ್ತೂಲಿನಲ್ಲೇ ಬಿಟ್ಟು ಬಿಟ್ಟು ಹೊಡೆದು ಕೆಡವಿದರೆ ಅವನ ಶಾಟ್‌ಗನ್ ಅಲ್ಲೇ ಬಿದ್ದಿರುತ್ತದೆ, ಒಳಗೆ ನಾಲ್ಕು ತೋಟಾ. ಮುಂದಿನ ಬಾಗಿಲು ತೆರೆಯಲು ಅಷ್ಟು ಸಾಕು.